ಲೆಕ್ಕ ಕೇಳಿದರೆ ಸಿಟ್ಟೇಕೆ?

ಸಪ್ಟೆಂಬರ್ ಬಂತೆಂದರೆ ನಮ್ಮ ಸೋಲಾಪುರದ ಬಿಲ್ಡಿಂಗ್‌ಗಳಲ್ಲಿ ಎರಡು ಗದ್ದಲ. ಒಂದು ಗಣಪತಿಯದು, ಇನ್ನೊಂದು ಸೊಸಾಯಟಿಯ ವಾರ್ಷಿಕ ಸಭೆಯದು. ಗಣಪತಿಯ ಗದ್ದಲ ಹತ್ತು ದಿನಕ್ಕೆ ಮುಗಿಯುತ್ತದೆ. ಸಭೆಯ ಗದ್ದಲ ಮಾತ್ರ ಮುಂದಿನ ಸಪ್ಟೆಂಬರ್‌ವರೆಗೆ ಪಾವಟಿಗೆಯ ಮೇಲೆ, ನೀರಿನ ಟಾಕಿಯ ಹತ್ತಿರ, ಗೇಟಿನ ಮುಂದೆ ನಡೆದೇ ಇರುತ್ತದೆ.

ನಮ್ಮ ಶಾಲೆಯ ಶಿಕ್ಷಕರ ಕೋಣೆಯಲ್ಲೂ ಈಗ ಅದೇ ಮಾತು. ಒಬ್ಬರ ಸೊಸಾಯಟಿಯಲ್ಲಿ ಪಾರ್ಕಿಂಗ್ ಜಗಳ, ಇನ್ನೊಬ್ಬರದರಲ್ಲಿ ಗಚ್ಚಿಯ ಸೋರಿಕೆ, ಮತ್ತೊಬ್ಬರದರಲ್ಲಿ ಚೇರಮನ್ನರು ಐದು ವರ್ಷದಿಂದ ಖುರ್ಚಿ ಬಿಡುತ್ತಿಲ್ಲ. ಒಂದು ತಮಾಷೆ ಗಮನಿಸಿದ್ದೇವೆ. ಸಮಿತಿಯಲ್ಲಿ ಇದ್ದಾಗ "ಜನರೇ ಸರಿ ಇಲ್ಲ" ಎನ್ನುವವರು ಸಮಿತಿಯಿಂದ ಇಳಿದ ಮೇಲೆ "ಸಮಿತಿಯೇ ಸರಿ ಇಲ್ಲ" ಎನ್ನುತ್ತಾರೆ. ನಾವು ಎರಡನ್ನೂ ಅಂದವರು. ಅದಕ್ಕೇ ಈ ಬಗ್ಗೆ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇವೆ.

ಕನ್ನಡ ಶಾಲೆಯ ಮಾತು ಬರೆಯುವ ಜಾಗದಲ್ಲಿ ಮನೆಯ ಸೊಸಾಯಟಿಯ ಜಗಳ ಏಕೆ ಎಂದು ನೀವು ಕೇಳಬಹುದು. ಏಕೆಂದರೆ ನಮಗೆ ಈ ಪಾಠ ಹೇಳಿಕೊಟ್ಟವನು ನಮ್ಮ ಶಾಲೆಯ ಐದನೆಯ ಇಯತ್ತೆಯ ಹುಡುಗ.

ಇದು 2016ರ ಮಾತು. ಆ ವರ್ಷದ ಬರ ನಿಮಗೆಲ್ಲ ನೆನಪಿರಬೇಕು. ಸೋಲಾಪುರದಲ್ಲಿ ನಳಕ್ಕೆ ನೀರು ದಿನಾಲು ಬರುವುದಿಲ್ಲವೆಂಬುದು ಹಳೆಯ ಕಥೆ. ಆ ಬೇಸಿಗೆಯಲ್ಲಂತೂ ನಮ್ಮ ಬೋರು ಕೂಡ ಬತ್ತಿಹೋಯಿತು. ಎಪ್ರಿಲ್ ಮತ್ತು ಮೇ ಎರಡೂ ತಿಂಗಳು ಟ್ಯಾಂಕರ್ ತರಿಸಿದೆವು. ನಮ್ಮದು 24 ಮನೆಗಳ ಸೊಸಾಯಟಿ. ಹನ್ನೆರಡು ಸಣ್ಣ ಮನೆ, ಹನ್ನೆರಡು ದೊಡ್ಡ ಮನೆ. ಕನ್ನಡದವರು, ಮರಾಠಿಯವರು, ತೆಲುಗಿನವರು ಎಲ್ಲರೂ ಇದ್ದೇವೆ. ಆಗ ನಾವು ಸಮಿತಿಯ ಖಜಾಂಚಿ. ಮಾಸ್ತರು ಎಂದರೆ ಲೆಕ್ಕ ಚೆನ್ನಾಗಿ ಇಡುತ್ತಾರೆ, ಅಕ್ಷರ ಚೆನ್ನಾಗಿರುತ್ತದೆ ಎಂದು ಎಲ್ಲರೂ ಸೇರಿ ಕೂರಿಸಿದ್ದರು.

ಎರಡು ತಿಂಗಳ ಟ್ಯಾಂಕರ್ ಖರ್ಚು 43,200 ರೂಪಾಯಿ ಆಯಿತು. ಇಪ್ಪತ್ನಾಲ್ಕರಿಂದ ಭಾಗಿಸಿ ಮನೆಗೆ 1,800 ಎಂದು ಪಾಲು ಹಾಕಿದೆವು. ಎಲ್ಲರೂ ಗೊಣಗುತ್ತ ಕೊಟ್ಟರು. ಕೆಳಗಿನ ಸಣ್ಣ ಮನೆಯ ಒಬ್ಬ ಅಜ್ಜಿ ಮಾತ್ರ ಕೊಡಲಿಲ್ಲ. ಗಂಡ ತೀರಿಕೊಂಡಿದ್ದರು, ಮೊಮ್ಮಗನನ್ನು ಇಟ್ಟುಕೊಂಡು ಇರುತ್ತಿದ್ದರು. ವಸೂಲಿಗೆ ಹೋದ ಸೆಕ್ರೆಟರಿಯವರಿಗೆ ಬಾಗಿಲಲ್ಲೇ ನಿಂತು ಹೇಳಿದರು:

"ನಮ್ಮನಿ ನಳ ಮೂರು. ಮ್ಯಾಲಿನವರ ಮನ್ಯಾಗ ಆರ ಅದಾವು. ಇಬ್ಬರಿಗೂ ಒಂದ ಪಾಲ ಹೆಂಗ ಆತ್ರಿ? ಲೆಕ್ಕಾ ತೋರಸ್ರಿ, ರೊಕ್ಕಾ ಕೊಡ್ತೀನಿ."

ಸಮಿತಿಯವರಿಗೆ ಈ ಮಾತು ನೆಟ್ಟಿತು. ಕೆಲಸ ಬಿಟ್ಟು ಬೆಳಗಿನ ಐದಕ್ಕೆ ಎದ್ದು ಟ್ಯಾಂಕರ್ ಕಾಯ್ದವರು ನಾವು, ನಮ್ಮನ್ನೇ ಲೆಕ್ಕ ಕೇಳುತ್ತಾರಲ್ಲ ಎಂದು ಸಿಟ್ಟು. "ನಾವೇನು ಕಳ್ಳರೇನ್ರಿ?" ಎಂದು ಚೇರಮನ್ನರು ಕೂಗಾಡಿದರು. ಕೊನೆಗೆ ಸಮಿತಿ ಎರಡು ನಿರ್ಣಯ ಮಾಡಿತು. ಒಂದು, ಗೇಟಿನ ಹತ್ತಿರದ ಕರಿಹಲಗೆಯ ಮೇಲೆ ಹೆಸರು ಬರೆಯುವುದು. ಎರಡು, ದುಡ್ಡು ಕೊಡುವವರೆಗೆ ಅವರ ಮನೆಗೆ ಹೋಗುವ ನೀರಿನ ವಾಲ್ವ್ ಬಂದ್ ಮಾಡುವುದು. ನಾವು ಬೇಡ ಎನ್ನಲಿಲ್ಲ. ಅಷ್ಟೇ ಅಲ್ಲ, ಅಕ್ಷರ ಚೆನ್ನಾಗಿದೆ ಎಂದು ಹಲಗೆಯ ಮೇಲೆ ಬರೆದವರೂ ನಾವೇ. ಮರಾಠಿಯಲ್ಲಿ ದಪ್ಪಕ್ಷರದಲ್ಲಿ 'ಥಕಬಾಕಿದಾರ' ಎಂದು ಬರೆದು ಅದರ ಕೆಳಗೆ ಆ ಅಜ್ಜಿಯ ಹೆಸರು ಮತ್ತು ಮೊತ್ತ.

ಅಜ್ಜಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ, ಅದೂ ಕೂಡಿಸಿ ಕೂಡಿಸಿ. ಹಲಗೆಯನ್ನು ಮೊಮ್ಮಗ ಓದಿ ಹೇಳಿದ. ಜೂನ್ ತಿಂಗಳು, ಶಾಲೆ ಶುರುವಾಗಿ ಒಂದು ವಾರವಾಗಿತ್ತು. ಮರುದಿನ ಬಿಡುವಿನಲ್ಲಿ ಬಂದು ನಮ್ಮ ಮೇಜಿನ ಹತ್ತಿರ ನಿಂತ.

"ಸರ್, ಥಕಬಾಕಿದಾರ ಅಂದ್ರ ಕಳ್ಳರೇನ್ರಿ?"

"ಅಲ್ಲಪ್ಪ, ಬಾಕಿ ಕೊಡೋದು ಇರೋರು" ಎಂದೆವು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: "ಅದು ನಿಮ್ಮ ಅಕ್ಷರ ಐತಲ್ರಿ ಸರ್."

ಅಷ್ಟೇ. ಬೇರೆ ಏನೂ ಕೇಳಲಿಲ್ಲ. ನಮ್ಮ ಅಕ್ಷರ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಅದೇ ಅಕ್ಷರ ನೋಡಿ ಅವನು ತಿದ್ದಿದ್ದು. ಇಪ್ಪತ್ತು ವರ್ಷ ಹತ್ತಿರವಾಗುತ್ತ ಬಂದ ನೌಕರಿಯಲ್ಲಿ ಯಾವ ಸಾಹೇಬರ ಮುಂದೆಯೂ ಅಷ್ಟು ತಲೆ ತಗ್ಗಿಸಿದ್ದು ನೆನಪಿಲ್ಲ. ಅಷ್ಟು ಹೊತ್ತಿಗೆ ಅವರ ಮನೆಗೆ ನೀರು ಬಂದ್ ಆಗಿ ಎರಡು ದಿನ. ಪಕ್ಕದ ಮನೆಯ ತೆಲುಗು ತಾಯಿ ಕೊಡ ತುಂಬಿಸಿ ಕೊಡುತ್ತಿದ್ದರಂತೆ.

ಸಂಜೆ ಮನೆಗೆ ಬಂದವರೇ ಮೊದಲು ವಾಲ್ವ್ ತೆರೆಸಿ, ಹಲಗೆ ಒರೆಸಿದೆವು. ಚೇರಮನ್ನರು ಕೇಳಿದ್ದಕ್ಕೆ "ಮೊದಲು ಉಪವಿಧಿ ಓದೋಣ ಬರ್ರಿ" ಎಂದೆವು. ನಿಜ ಹೇಳಬೇಕೆಂದರೆ ಖಜಾಂಚಿಯಾಗಿ ಎರಡು ವರ್ಷವಾಗಿದ್ದರೂ ಆ ಪುಸ್ತಕವನ್ನು ಪೂರ್ತಿ ಓದಿರಲಿಲ್ಲ. ಸೆಕ್ರೆಟರಿಯವರೂ ಓದಿರಲಿಲ್ಲ. ಟ್ರಂಕಿನ ತಳದಲ್ಲಿ ಮಡಚಿ ಬಿದ್ದಿತ್ತು.

ಓದಿದರೆ ಏನಿದೆ? ಮಹಾರಾಷ್ಟ್ರ ಸರಕಾರದ 2014ರ ಮಾದರಿ ಉಪವಿಧಿಯಲ್ಲಿ ಪ್ರತಿಯೊಂದು ಖರ್ಚಿಗೂ ಬೇರೆ ಬೇರೆ ಪಾಲಿನ ಲೆಕ್ಕವಿದೆ. ವಾಚಮನ್ ಪಗಾರ, ಕಸ ಗುಡಿಸುವುದು, ಪಾವಟಿಗೆಯ ದೀಪ ಇಂಥ ಸೇವಾ ಖರ್ಚು ಎಲ್ಲ ಮನೆಗಳಿಗೂ ಸಮಪಾಲು. ದುರಸ್ತಿ ನಿಧಿಗೆ ಪ್ರತಿ ಮನೆಯ ಕಟ್ಟಡ ಖರ್ಚಿನ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.75, ಸಿಂಕಿಂಗ್ ಫಂಡಿಗೆ ಕನಿಷ್ಠ ಶೇ. 0.25. ನೀರಿನ ಖರ್ಚು ಮಾತ್ರ ಮನೆಯಲ್ಲಿರುವ ನಳಗಳ ಸಂಖ್ಯೆ ಮತ್ತು ಅಳತೆಯ ಮೇಲೆ! ಎಂದರೆ ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದ್ದೇ ಪುಸ್ತಕದಲ್ಲೂ ಇತ್ತು.

ಮತ್ತೆ ಲೆಕ್ಕ ಹಾಕಿದೆವು. ಸಣ್ಣ ಮನೆಗೆ ಮೂರರಂತೆ 36 ನಳ, ದೊಡ್ಡ ಮನೆಗೆ ಆರರಂತೆ 72. ಒಟ್ಟು 108, ಎಲ್ಲವೂ ಒಂದೇ ಅಳತೆಯವು. ನಳಕ್ಕೆ 400 ರೂಪಾಯಿ ಬಿತ್ತು. ಸಣ್ಣ ಮನೆಗೆ 1,200. ದೊಡ್ಡ ಮನೆಗೆ 2,400. ಇದು ನಾಲ್ಕನೆಯ ಇಯತ್ತೆಯ ಹುಡುಗರು ಮಾಡುವ ಲೆಕ್ಕ. ಹಾಗಾದರೆ ನಮಗೆ ಮೊದಲೇ ಏಕೆ ಹೊಳೆಯಲಿಲ್ಲ? ಉತ್ತರ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ನಮ್ಮದು ದೊಡ್ಡ ಮನೆ. ಚೇರಮನ್ನರದೂ ದೊಡ್ಡ ಮನೆ. ಸಮಿತಿಯಲ್ಲಿದ್ದ ಏಳು ಜನರಲ್ಲಿ ಆರು ಜನರದು ದೊಡ್ಡ ಮನೆ. ಒಬ್ಬರೂ ಒಂದು ರೂಪಾಯಿ ತಿಂದಿರಲಿಲ್ಲ, ಆದರೂ ನಮ್ಮ ಆರುನೂರು ಆರುನೂರು ರೂಪಾಯಿಯನ್ನು ಸಣ್ಣ ಮನೆಯವರ ಮೇಲೆ ಹಾಕಿಬಿಟ್ಟಿದ್ದೆವು.

ಇದರಲ್ಲಿ ಅಜ್ಜಿಯದೂ ಪೂರ್ತಿ ಸರಿ ಇರಲಿಲ್ಲ. ಅವರು ಕೊಡಬೇಕಾದ 1,200ನ್ನಾದರೂ ಕೊಡಬಹುದಿತ್ತು. ಲಿಖಿತ ಅರ್ಜಿ ಕೊಡಬಹುದಿತ್ತು, ಸಭೆಗೆ ಬಂದು ಹೇಳಬಹುದಿತ್ತು. ಹಿಂದಿನ ವಾರ್ಷಿಕ ಸಭೆಗೆ ಅವರು ಬಂದಿರಲಿಲ್ಲ. ಆದರೆ ಸಭೆಯ ನೋಟಿಸು ಇದ್ದದ್ದು ಮರಾಠಿಯಲ್ಲಿ, ಸಭೆ ನಡೆಯುವುದು ಮರಾಠಿಯಲ್ಲಿ. ಬಂದಿದ್ದರೂ ಸಹಿ ಮಾಡಿ ಚಹಾ ಕುಡಿದು ಹೋಗುವುದಷ್ಟೇ ಆಗುತ್ತಿತ್ತು.

ಜುಲೈಯಲ್ಲಿ ವಿಶೇಷ ಸಭೆ ಕರೆದು ತಿದ್ದಿದ ಲೆಕ್ಕ ಇಟ್ಟೆವು. ಆ ಸಂಜೆಯೇ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹನ್ನೆರಡು ನೂರರ ನೋಟು ಎಣಿಸಿ ಕೊಟ್ಟು ಪಾವತಿ ಇಸಿದುಕೊಂಡರು. ದೊಡ್ಡ ಮನೆಯವರಲ್ಲಿ ಇಬ್ಬರು ಹೆಚ್ಚಿನ 600 ಕೊಡುವುದಿಲ್ಲವೆಂದು ಎದ್ದು ಹೋದರು. ಅವರಲ್ಲಿ ಒಬ್ಬರು ಇಂದಿಗೂ ನಮ್ಮ ಜೊತೆ ಮಾತಾಡುವುದಿಲ್ಲ. ನ್ಯಾಯ ಮಾಡಿದರೆ ಎಲ್ಲರೂ ಸಂತೋಷಪಡುತ್ತಾರೆ ಎಂದು ಪಾಠದ ಪುಸ್ತಕದಲ್ಲಿರುತ್ತದೆ, ಬಿಲ್ಡಿಂಗಿನಲ್ಲಿ ಹಾಗಾಗುವುದಿಲ್ಲ.

ಈ ಒಂದು ಜಗಳದಿಂದ ನಮಗೆ ತಿಳಿದದ್ದು ಇಷ್ಟು. ಸೊಸಾಯಟಿಯ ಜಗಳಗಳಲ್ಲಿ ಕಳ್ಳತನದಿಂದ ಹುಟ್ಟುವುದು ಕಡಿಮೆ. ತೋರಿಸದ ಲೆಕ್ಕದಿಂದ ಮತ್ತು ಓದದ ಕಾಗದದಿಂದ ಹುಟ್ಟುವುದೇ ಹೆಚ್ಚು. ಲೆಕ್ಕ ಕೇಳಿದವರನ್ನು ವೈರಿ ಎಂದು ತಿಳಿದ ದಿನವೇ ಸಮಿತಿ ಕೆಟ್ಟಿತು.

ಸಮಿತಿಯವರ ಕಷ್ಟ ನಮಗೆ ಗೊತ್ತಿಲ್ಲವೆಂದಲ್ಲ. ಪಗಾರವಿಲ್ಲ, ರಜೆಯಿಲ್ಲ. ಮೋಟರ್ ಸುಟ್ಟರೆ ರಾತ್ರಿ ಹನ್ನೊಂದಕ್ಕೆ ಇವರ ಬಾಗಿಲು ಬಡಿಯುತ್ತಾರೆ. ಸಮಿತಿ ಮಾಡಿದ ನಿರ್ಣಯಕ್ಕೆ ಅದರ ಸದಸ್ಯರೆಲ್ಲ ಸೇರಿ ಹೊಣೆಗಾರರು. ಬೈಗುಳ ಬೇರೆ. ಇನ್ನು ಸಭೆಗೆ ಕರೆದರೆ ಯಾರು ಬರುತ್ತಾರೆ? ಮಾದರಿ ಉಪವಿಧಿಯ ಪ್ರಕಾರ ಒಟ್ಟು ಸಭಾಸದರ ಮೂರರಲ್ಲಿ ಎರಡು ಪಾಲು ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು ಕೋರಂ. ನಮ್ಮ 24 ಮನೆಗೆ 16 ಜನ ಬೇಕು. ಅರ್ಧ ಗಂಟೆ ಕಾದರೂ ಒಂಬತ್ತರ ಮೇಲೆ ಹತ್ತಾಗುವುದಿಲ್ಲ. ಆಗ ಸಭೆ ಮುಂದೂಡಿ ಮತ್ತೆ ಕೂತರೆ ಕೋರಂ ಬೇಕಿಲ್ಲ. ಆ ಒಂಬತ್ತು ಜನ ಮಾಡಿದ್ದೇ ಇಪ್ಪತ್ನಾಲ್ಕು ಮನೆಯ ನಿರ್ಣಯ. ಬಾರದೆ ಮನೆಯಲ್ಲಿ ಟೀವಿ ನೋಡುತ್ತ ಕೂತ ಹದಿನೈದು ಜನ ಮರುದಿನದಿಂದ ವರ್ಷವಿಡೀ ಬಯ್ಯುತ್ತಾರೆ. ಇದು ಯಾವ ನ್ಯಾಯ?

ಹಾಗೆಯೇ, ಜಗಳವಿದೆ ಎಂದು ಮೇಂಟೇನನ್ಸ್ ನಿಲ್ಲಿಸುವುದು ಕೂಡ ತಪ್ಪು. ಅದರಿಂದ ಸಮಿತಿಗೆ ಏನೂ ಆಗುವುದಿಲ್ಲ, ವಾಚಮನ್‌ನ ಪಗಾರ ನಿಲ್ಲುತ್ತದೆ ಅಷ್ಟೇ. ತಕರಾರು ಇದ್ದರೆ ಲಿಖಿತವಾಗಿ ಕೊಟ್ಟು ಪೋಚ್ ಪಡೆಯಬೇಕು. ಸಮಿತಿ ಅದನ್ನು ಮುಂದಿನ ಸಭೆಯಲ್ಲಿ ಇಟ್ಟು, ಆಮೇಲೆ 15 ದಿನದೊಳಗೆ ಉತ್ತರ ಕೊಡಬೇಕು ಎಂದು ಉಪವಿಧಿಯಲ್ಲಿದೆ. ಉತ್ತರ ಬರದಿದ್ದರೆ ಉಪನಿಬಂಧಕರ ಕಚೇರಿಯಿದೆ, ಸಹಕಾರ ನ್ಯಾಯಾಲಯವಿದೆ.

ಸಮಿತಿಗೂ ದಾರಿ ಅದೇ ಕಾಯದೆಯಲ್ಲಿದೆ. ಬಾಕಿ ಕೊಡದವರ ಮೇಲೆ 1960ರ ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯದೆಯಲ್ಲಿ ವಸೂಲಿ ದಾಖಲೆ ಪಡೆಯಲು ನಿಬಂಧಕರಿಗೆ ಅರ್ಜಿ ಹಾಕಬಹುದು. ಮೊದಲು ಇದು 101ನೆಯ ಕಲಮಿನಲ್ಲಿತ್ತು. 2019ರಲ್ಲಿ ಗೃಹ ಸೊಸಾಯಟಿಗಳಿಗೆಂದೇ ಬೇರೆ ಅಧ್ಯಾಯ ಬಂದ ಮೇಲೆ ಅದರಲ್ಲಿ ಸೇರಿದೆ. ಬಾಕಿಯ ಮೇಲೆ ಬಡ್ಡಿಯನ್ನೂ ಹಾಕಬಹುದು. ಆದರೆ ನೀರು ಕಡಿಯಿರಿ, ಲೈಟು ಕಡಿಯಿರಿ ಎಂದು ಉಪವಿಧಿ ಹೇಳುವುದಿಲ್ಲ. ಅದು ನಾವು ನಮ್ಮ ಸಿಟ್ಟಿನಲ್ಲಿ ಬರೆದುಕೊಂಡ ಉಪವಿಧಿ. ಮನೆ ಬಾಡಿಗೆ ಕೊಟ್ಟವರ ಮೇಲೆ ಮನಸ್ಸಿಗೆ ಬಂದಷ್ಟು ಹಾಕುವುದೂ ಹಾಗೆಯೇ. ಸೇವಾ ಖರ್ಚಿನ ಶೇ. 10ಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದೆಂದು 2001ರಲ್ಲೇ ಸರಕಾರದ ಆದೇಶವಾಗಿದೆ.

ಇನ್ನು ಭಾಷೆಯ ಮಾತು. ಇದನ್ನು ತಪ್ಪು ತಿಳಿಯಬೇಡಿ. ನಾವು ಇರುವುದು ಮಹಾರಾಷ್ಟ್ರದಲ್ಲಿ. ಸೊಸಾಯಟಿಯ ದಫ್ತರ ಮರಾಠಿಯಲ್ಲಿರುವುದು ಸಹಜ, ಇರಲಿ. ನಮ್ಮ ಮಕ್ಕಳು ಮರಾಠಿ ಚೆನ್ನಾಗಿ ಕಲಿಯಬೇಕೆಂದು ಶಾಲೆಯಲ್ಲಿ ನಾವೇ ದಿನಾಲು ಹೇಳುತ್ತೇವೆ. ಆದರೆ ಒಂದು ಮನೆಯವರಿಗೆ ಓದಲು ಬಾರದ ಕಾಗದದ ಮೇಲೆ ಅವರ ಸಹಿ ತೆಗೆದುಕೊಂಡು "ನೀವೇ ಒಪ್ಪಿದ್ದೀರಲ್ಲ" ಎನ್ನುವುದು ಸರಿಯೇ? ಅಂದಿನಿಂದ ನಮ್ಮ ಸೊಸಾಯಟಿಯಲ್ಲಿ ಇತಿವೃತ್ತವನ್ನು ಮರಾಠಿಯಲ್ಲಿ ಓದಿದ ಮೇಲೆ ಒಬ್ಬರು ಕನ್ನಡದಲ್ಲಿ, ಒಬ್ಬರು ತೆಲುಗಿನಲ್ಲಿ ಸಾರಾಂಶ ಹೇಳುತ್ತಾರೆ. ಹತ್ತು ನಿಮಿಷದ ಕೆಲಸ. ಇದಕ್ಕೆ ಯಾವ ಮರಾಠಿ ನೆರೆಯವರೂ ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಇಷ್ಟು ವರ್ಷ ಕೇಳದೆ ಇದ್ದವರು ನಾವೇ ಕನ್ನಡದವರು.

ಸಹಕಾರವೆಂಬುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. 1904ರಲ್ಲಿ ಸಹಕಾರಿ ಪತ್ತಿನ ಕಾಯದೆ ಬಂದ ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲನೆಯ ಸಹಕಾರಿ ಸಂಘವೆಂದು ಅದಕ್ಕೆ ಹೆಸರು. ಆಗ ಗದಗವೂ ಸೋಲಾಪುರವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು. 1915ರಲ್ಲಿ ಮುಂಬಯಿಯ ಗಾವದೇವಿಯಲ್ಲಿ ಸಹಕಾರಿ ಗೃಹ ಸೊಸಾಯಟಿ ಕಟ್ಟಿದ ಸಾರಸ್ವತರೂ ಮೂಲತಃ ಕೆನರಾ ಕಡೆಯವರು. ಆ ಹಿರಿಯರ ಕಾಲದಲ್ಲಿ ಓದು ಬಲ್ಲವರು ಈಗಿನಷ್ಟು ಇರಲಿಲ್ಲ. ನಮ್ಮಲ್ಲಿ ಈಗ ಮನೆಗೊಬ್ಬರು ಪದವೀಧರರಿದ್ದಾರೆ. ಉಪವಿಧಿ ಮಾತ್ರ ಟ್ರಂಕಿನ ತಳದಲ್ಲಿ!

ಈ ವಿಷಯ ಸಣ್ಣದೆಂದು ತಿಳಿಯಬೇಡಿ. ಸೋಲಾಪುರದ ಮಗ್ಗುಲಲ್ಲೇ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ 2006ರಲ್ಲಿ ಗೋದೂತಾಯಿ ಪರುಳೇಕರ ಅವರ ಹೆಸರಿನ ಸಹಕಾರಿ ಸೊಸಾಯಟಿಯಿಂದ ಹತ್ತು ಸಾವಿರ ಮನೆಗಳಾದವು. ಅಲ್ಲೇ ರೇ ನಗರದ 30,000 ಮನೆಗಳ ಯೋಜನೆಯಲ್ಲಿ ಮೊದಲಿನ 15,000 ಮನೆಗಳನ್ನು 2024ರ ಜನವರಿಯಲ್ಲಿ ಹಂಚಿದರು. ಬೀಡಿ, ಮಗ್ಗ, ಗಾರೆ ಕೆಲಸದ ಜನ. ಇವರಲ್ಲಿ ಎಷ್ಟೋ ಜನ ತಮ್ಮ ಜನ್ಮದಲ್ಲಿ ಮೊದಲ ಸಲ ಸೊಸಾಯಟಿಯಲ್ಲಿ ಇರಲು ಬಂದವರು. ನೀರು, ಗಟಾರು, ದೀಪದ ಲೆಕ್ಕ ಇನ್ನು ಇವರ ಬಾಗಿಲಿಗೂ ಬರುತ್ತದೆ. ಆಗ ಅದನ್ನು ಯಾರು ಓದಿ ಹೇಳಬೇಕು? ನಮ್ಮಂಥ ಶಾಲೆಗಳಲ್ಲಿ ಕಲಿಯುವ ಅವರ ಮಕ್ಕಳೇ.

ಕೊನೆಗೆ ನಮ್ಮ ಶಾಲೆಗಳಿಗೂ ಒಂದು ಮಾತು. 2009ರ ಶಿಕ್ಷಣ ಹಕ್ಕು ಕಾಯದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ನಾವು ಮಾಡುವುದೇನು? ತಿಂಗಳ ಕೊನೆಗೆ ಹುಡುಗರ ಕೈಯಲ್ಲಿ ರಜಿಸ್ಟರ್ ಕೊಟ್ಟು ಮನೆಮನೆಗೆ ಕಳಿಸಿ ಸಹಿ ತರಿಸುತ್ತೇವೆ. ತಾಯಂದಿರು ಒಲೆಯ ಮುಂದೆ ಕೂತಲ್ಲೇ ಸಹಿ ಹಾಕಿ ಕೊಡುತ್ತಾರೆ. ಸಾದಿಲ್ವಾರ್ ಖರ್ಚಿನ ಲೆಕ್ಕ ಯಾರಾದರೂ ಪಾಲಕರು ಕೇಳಿದರೆ "ಇವರಿಗೇನು ಬಂತು ದೊಡ್ಡಸ್ತಿಕೆ" ಎಂದು ನಮ್ಮ ಮುಖವೂ ಕಪ್ಪಾಗುತ್ತದೆ. ಹಲಗೆಯ ಮೇಲೆ ಅಜ್ಜಿಯ ಹೆಸರು ಬರೆದ ಕೈ ಇದೇ ಅಲ್ಲವೇ? ಸೊಸಾಯಟಿಗೆ ಒಂದು ನ್ಯಾಯ, ಶಾಲೆಗೆ ಇನ್ನೊಂದು ಆಗಬಾರದು. ನಮ್ಮ ಶಾಲೆಯಲ್ಲಿ ಈಗ ಖರ್ಚಿನ ತಃಖ್ತೆಯನ್ನು ಕನ್ನಡದಲ್ಲಿ ಬರೆದು ಬಾಗಿಲ ಪಕ್ಕದಲ್ಲಿ ಅಂಟಿಸುತ್ತೇವೆ. ಓದುವವರು ಕಡಿಮೆ. ಆದರೂ ಅಂಟಿಸುತ್ತೇವೆ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಸೊಸಾಯಟಿಯಲ್ಲಿ ಮಾತಿನ ಜೊತೆ ಲೆಕ್ಕವೂ ಬರಬೇಕು. ಸಮಿತಿಯಲ್ಲಿರುವ ಮಿತ್ರರಲ್ಲಿ ನಮ್ಮ ವಿನಂತಿ: ಈ ಸಲ ಸಭೆಯ 14 ದಿನ ಮೊದಲೇ ನೋಟಿಸಿನ ಜೊತೆ ಲೆಕ್ಕದ ಪ್ರತಿಯನ್ನೂ ಕೊಡಿ. ಯಾರಾದರೂ ದಫ್ತರ ನೋಡಬೇಕೆಂದರೆ ಖುರ್ಚಿ ಹಾಕಿ ಕೂರಿಸಿ ತೋರಿಸಿ. ಅದು ಅವರ ಹಕ್ಕು, ನಿಮ್ಮ ಉಪಕಾರವಲ್ಲ. ಸಭಾಸದರಲ್ಲಿ ವಿನಂತಿ: ಸಪ್ಟೆಂಬರ್ 30ರೊಳಗೆ ಸಭೆ ಆಗಲೇಬೇಕು, ಅಂದು ಎರಡು ಗಂಟೆ ಬಿಡುವು ಮಾಡಿಕೊಂಡು ಹೋಗಿ. ಹೆಂಗಸರಿಗೆ ಸಮಿತಿಯಲ್ಲಿ ಮೀಸಲು ಜಾಗಗಳಿವೆ, ಅವರ ಹೆಸರಿನಲ್ಲಿ ಗಂಡಂದಿರು ಹೋಗಿ ಕೂರಬೇಡಿ. ನೀರಿನ ಲೆಕ್ಕ ಹೆಂಗಸರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ನಮ್ಮ ಬಿಲ್ಡಿಂಗಿನ ನಳಗಳನ್ನು ಎಣಿಸಿದವರು ಆ ಅಜ್ಜಿಯೊಬ್ಬರೇ.

ಅಜ್ಜಿ ಈಗ ಇಲ್ಲ. ಮೊಮ್ಮಗ ಐಟಿಐ ಮುಗಿಸಿ ಪುಣೆ ಕಡೆ ಕೆಲಸಕ್ಕಿದ್ದಾನೆ. ಊರಿಗೆ ಬಂದಾಗ ನಮ್ಮ ಮನೆಗೆ ಬರುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ಆ ದಿನದ ಮಾತನ್ನು ಅವನೂ ತೆಗೆದಿಲ್ಲ, ನಾವೂ ತೆಗೆದಿಲ್ಲ. ಹಲಗೆಯ ಮೇಲೆ ಈಗಲೂ ನೋಟಿಸು ಬರೆಯುವವರು ನಾವೇ. ಯಾರ ಹೆಸರನ್ನಾದರೂ ಬರೆಯುವ ಮೊದಲು ಲೆಕ್ಕವನ್ನು ಇನ್ನೊಮ್ಮೆ ಮಾಡಿ ನೋಡುತ್ತೇವೆ.

ನಿಮ್ಮ ಸೊಸಾಯಟಿಯಲ್ಲಿ ಹೇಗಿದೆ? ಸಭೆ ಮುಗಿದ ಮೇಲೆ ತಿಳಿಸಿ.